ಗೆರಟೆ ಕುದುರೆ ಏರಿ ಬಂದ ಅಮೆರಿಕನ್ ನಟ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದುಬೈಯಲ್ಲಿ ತುಂಬಿದ ಸಭೆಯ ಎದುರು ನಾನೊಂದು ಅಮೆರಿಕನ್ ಕುದುರೆಯನ್ನು ಯಕ್ಷಗಾನಕ್ಕೆ ಕುಣಿಸಿದೆ. ಕುದುರೆ ಎಂದರೆ ಎರಡು ತೆಂಗಿನ ಗೆರಟೆ, ಖಾಲಿ ಚಿಪ್ಪು, ಅಷ್ಟೇ. ಆದರೆ ಅದರ ಮೇಲೆ ಸವಾರಿ ಬರಬೇಕಿದ್ದವರು ನನ್ನ ಸೋದರಮಾವ. ಅವರ ಬದುಕಿನ ಮೊದಲ ಮತ್ತು ಕೊನೆಯ ಮುಖ್ಯ ಪಾತ್ರ ಅವತ್ತೇ ಇತ್ತು. ಇಷ್ಟು ಸಣ್ಣ ಸಾಮಾನಿನಿಂದ ಇಷ್ಟು ದೊಡ್ಡ ಅನಾಹುತ ಮಾಡಿದವ ಇಡೀ ಗಲ್ಫಿನಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಮಾವ ಅಬುಧಾಬಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದರು. ಖಲೀಫಾ ಸಿಟಿಯ ಯಾವುದೋ ವಿಲ್ಲಾದ ಹಿಂದಿನ ಎರಡು ಕೋಣೆಯಲ್ಲಿ ಅವರ ಮತ್ತು ಅತ್ತೆಯ ಸಂಸಾರ. ಊರಿನ ಕಡೆಯವರು ಇಲ್ಲಿ ಆಡುವ ಯಕ್ಷಗಾನವಾಗಲಿ ನಾಟಕವಾಗಲಿ ಅವರು ಒಂದನ್ನೂ ಬಿಟ್ಟವರಲ್ಲ. ಆದರೆ ಪಾತ್ರ ಯಾವುದು ಎಂದು ಕೇಳಬಾರದು. ಯಕ್ಷಗಾನದಲ್ಲಿ ದೇವೇಂದ್ರನ ಒಡ್ಡೋಲಗ ಆಗುವಾಗ, ದೇವೇಂದ್ರ ಚೆಂಡೆಯ ಅಬ್ಬರದ ಜೊತೆ ಸಭೆಗೆ ಬರುತ್ತಾನಲ್ಲ, ಆಗ ಹಿಂದಿನ ಸಾಲಿನಲ್ಲಿ ಕುಣಿಯುವ ವಾಯುವೋ ವರುಣನೋ ನಮ್ಮ ಮಾವ. ನಾಟಕದಲ್ಲಾದರೆ ಬಾಗಿಲು ತೆಗೆದು ‘ಯಾರೋ ಬಂದಿದ್ದಾರೆ’ ಎನ್ನುವ ಆಳು.

ಇಂಥ ಮಾವನಿಗೆ ಒಬ್ಬ ಆರಾಧ್ಯದೈವ ಇದ್ದ. ಕಪ್ಪು ಬಿಳುಪು ಕಾಲದ ಒಬ್ಬ ಅಮೆರಿಕನ್ ಪೋಷಕ ನಟ. ಇಲ್ಲಿಗೆ ಬಂದ ಹೊಸತರಲ್ಲಿ ಮಾವ ಇಂಗ್ಲಿಷ್ ಕಲಿತದ್ದೇ ಟಿ.ವಿ.ಯ ಹಳೇ ಸಿನಿಮಾ ನೋಡಿ. ನೋಡುತ್ತಾ ನೋಡುತ್ತಾ ಒಂದೊಂದು ಸಿನಿಮಾದ ಮೂಲೆಯಲ್ಲೂ ಅದೇ ಒಬ್ಬ ಮನುಷ್ಯ ನಿಂತಿರುವುದು ಅವರಿಗೆ ಕಂಡಿತು. ಒಂದರಲ್ಲಿ ಹೋಟೆಲಿನ ಗುಮಾಸ್ತ, ಒಂದರಲ್ಲಿ ಅರ್ಧಕ್ಕೇ ಗುಂಡು ತಿಂದು ಸಾಯುವ ಪೊಲೀಸ್, ಮತ್ತೊಂದರಲ್ಲಿ ಕನ್ನಡಕ ತೆಗೆದು ತಲೆ ಅಲ್ಲಾಡಿಸುವ ಡಾಕ್ಟರ್. ಇಂಟರ್ನೆಟ್ ಬಂದ ಮೇಲೆ ಮಾವ ಅವನ ಪೂರ್ವಾಶ್ರಮವನ್ನೂ ಹುಡುಕಿ ತೆಗೆದರು. ಸಿನಿಮಾಕ್ಕೆ ಮೊದಲು ಅವನು ರೇಡಿಯೋ ನಾಟಕಗಳಿಗೆ ದನಿ ಕೊಡುತ್ತಿದ್ದ. ಒಂದೇ ನಾಟಕದಲ್ಲಿ ಕಳ್ಳನೂ ಅವನೇ, ಕಳ್ಳನನ್ನು ಹಿಡಿಯುವವನೂ ಅವನೇ. ಸಿನಿಮಾದವರು ಕರೆಯುವುದು ಕಡಿಮೆಯಾದಾಗ ಟಿ.ವಿ.ಗೆ ಹೋದ. ಅಲ್ಲಿ ನ್ಯಾಯಾಧೀಶನಾಗಿ, ಪಕ್ಕದ ಮನೆಯವನಾಗಿ ಮುದುಕನಾಗುವ ತನಕ ದುಡಿದ. ನಾಯಕ ಒಮ್ಮೆಯೂ ಆಗಲಿಲ್ಲ. ಇಡೀ ದೇಶಕ್ಕೆ ಮುಖ ಗೊತ್ತು, ಹೆಸರು ಕೇಳಿದರೆ ಯಾರಿಗೂ ಗೊತ್ತಿಲ್ಲ.

ಮಾವ ಅವನನ್ನು ‘ನಮ್ಮ ಜನ’ ಎಂದೇ ಕರೆಯುತ್ತಿದ್ದರು. ಅವನ ಊರು ಉಡುಪಿಯೋ ಕಾಪುವೋ ಎಂದು ನಾನು ಗೇಲಿ ಮಾಡಿದರೆ, ಮೂಲೆಯಲ್ಲಿ ನಿಲ್ಲುವವರದ್ದೆಲ್ಲ ಒಂದೇ ಊರು ಎನ್ನುತ್ತಿದ್ದರು.

ನಿವೃತ್ತಿ ಹತ್ತಿರ ಬಂತು. ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೋಗುವ ಮೊದಲು ಮಾವ ತಮ್ಮ ಆ ‘ನಮ್ಮ ಜನ’ದ ಬದುಕಿನ ಮೇಲೆ ಕನ್ನಡದಲ್ಲಿ ಒಂದು ನಾಟಕ ಬರೆದರು. ರೇಡಿಯೋ, ಸಿನಿಮಾ, ಟಿ.ವಿ., ಹೀಗೆ ಮೂರು ದೃಶ್ಯ. ಅದರಲ್ಲಿ ನಟನ ಪಾತ್ರ ತಾನೇ ಮಾಡಬೇಕು ಎಂದು ಬಾಯಿ ಬಿಟ್ಟು ಕೇಳಿದರು. ಇಷ್ಟು ವರ್ಷದಲ್ಲಿ ಅವರು ಏನನ್ನಾದರೂ ಕೇಳಿದ್ದು ಅದೇ ಮೊದಲು. ನಮ್ಮ ನಾಟಕದ ತಂಡಕ್ಕೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ನಿರ್ದೇಶಕರು ಕೊಂಕಣಿ ಕ್ರಿಶ್ಚಿಯನರು, ಹೋಟೆಲೊಂದರಲ್ಲಿ ದೊಡ್ಡ ಕೆಲಸ, ನಾವೆಲ್ಲ ಪೊರ್ಬುಗಳು ಎಂದು ಕರೆಯುವುದು. ಬರ್ ದುಬೈಯಲ್ಲಿ ಬಟ್ಟೆ ಅಂಗಡಿಯ ಮೇಲಿನ ಹಾಲಿನಲ್ಲಿ ರಿಹರ್ಸಲ್. ರೇಡಿಯೋ ದೃಶ್ಯದಲ್ಲಿ ನಟ ಮೈಕಿನ ಮುಂದೆ ನಿಂತು ಕುದುರೆ ಸವಾರನ ಮಾತು ಹೇಳಬೇಕು. ಪಕ್ಕದ ಮೇಜಿನಲ್ಲಿ ಒಬ್ಬ ಗೆರಟೆ ಬಡಿದು ಕುದುರೆಯ ಸದ್ದು ಮಾಡಬೇಕು. ಆ ಕಾಲದ ರೇಡಿಯೋದಲ್ಲಿ ಹಾಗೆಯೇ ಮಾಡುತ್ತಿದ್ದರಂತೆ. ಬಾಯಿಗೆ ಕೆಲಸ ಇಲ್ಲದ ಪಾತ್ರ ಯಾರಿಗೂ ಬೇಡವಾಗಿತ್ತು. ಹಾಗಾಗಿ ನನಗೆ ಬಂತು. ನಾನು ಮಾತ್ರ ಇಡೀ ನಾಟಕ ನಿಂತಿರುವುದೇ ನನ್ನ ಗೆರಟೆಯ ಮೇಲೆ ಎಂದು ಊರಿಗೆಲ್ಲ ಫೋನು ಮಾಡಿ ಹೇಳಿದೆ.

ನಾನು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಟೈಲ್ಸ್ ಗೋದಾಮು ನೋಡಿಕೊಳ್ಳುವವ. ಮಧ್ಯಾಹ್ನ ಊಟದ ಹೊತ್ತಿಗೆ ಅಲ್ಲೇ ಟೈಲ್ಸಿನ ಮೇಲೆ ಅಭ್ಯಾಸ ಮಾಡುತ್ತಿದ್ದೆ. ಫೋರ್ಕ್‌ಲಿಫ್ಟ್ ಓಡಿಸುವ ಪಠಾಣ ಒಂದು ದಿನ ಗಾಡಿ ನಿಲ್ಲಿಸಿ, ಯಾವ ಶೇಖನ ಕುದುರೆ ತಪ್ಪಿಸಿಕೊಂಡು ಬಂತು ಎಂದು ಸಾಲು ಸಾಲು ಹುಡುಕಿದ. ಅವತ್ತಿನಿಂದ ನನ್ನ ತಲೆ ಭುಜದ ಮೇಲೆ ನಿಲ್ಲಲಿಲ್ಲ.

ಆದರೆ ಪೊರ್ಬುಗಳಿಗೆ ನನ್ನ ಕುದುರೆ ಹಿಡಿಸಲಿಲ್ಲ.

“ಹತ್ತಿರ ಬಂದ ಹಾಗೆ ಕುದುರೆ ನಿಧಾನ ಆಗ್ಬೇಕು ಮಾರಾಯ. ನಿನ್ನದು ಬರ್ತಾ ಬರ್ತಾ ಹುಚ್ಚು ಹಿಡೀತದೆ.”

ತಪ್ಪು ನನ್ನದಲ್ಲ, ಕೈಯದ್ದು. ನಾನು ಏಳನೇ ಕ್ಲಾಸಿನಿಂದ ಚೆಂಡೆ ಬಾರಿಸಿದವ. ನಮ್ಮಲ್ಲಿ ವೇಷ ಹತ್ತಿರ ಬಂದ ಹಾಗೆ ಪೆಟ್ಟು ಏರಬೇಕು, ಏರಿ ಏರಿ ಮುಕ್ತಾಯಕ್ಕೆ ನಿಲ್ಲಬೇಕು. ಬಂದವ ಸುಮ್ಮನೆ ಟಕ್ ಟಕ್ ಎಂದು ನಿಧಾನ ಆಗಿ ನಿಂತರೆ ಅದು ಬಂದ ಹಾಗೆಯೇ ಅಲ್ಲ. ಹೇಗೋ ಕಷ್ಟಪಟ್ಟು ನಿಧಾನ ಮಾಡಲು ಕಲಿತೆ.

ಮಾವನಿಗೂ ಪೊರ್ಬುಗಳಿಂದ ಪೂಜೆ ಆಗುತ್ತಿತ್ತು. ಸೇತುವೆ ಬಿದ್ದ ಸುದ್ದಿ ಹೇಳಲು ಊರಿನಿಂದ ಊರಿಗೆ ಕುದುರೆ ಓಡಿಸಿಕೊಂಡು ಬಂದ ಸವಾರನ ಏದುಸಿರು ಅವರಿಗೆ ಬರುತ್ತಲೇ ಇರಲಿಲ್ಲ. ರಕ್ತ ತೆಗೆಯಲು ಕೂರಿಸಿದವರಿಗೆ ಹೇಳಿದ ಹಾಗೆ ಮೆತ್ತಗೆ ಹೇಳುತ್ತಿದ್ದರು. ಜನ ನಗುತ್ತಾರೋ ಏನೋ ಎಂಬ ಹೆದರಿಕೆ ಅವರಿಗೆ ಹಿಡಿಯಿತು. ಅತ್ತೆಯ ಎದುರು ಒಮ್ಮೆ ಮುಖ್ಯ ಪಾತ್ರದಲ್ಲಿ ನಿಂತು ಊರಿಗೆ ಹೋಗಬೇಕು, ಇಷ್ಟೇ ಆಸೆ ಎಂದು ನನ್ನಲ್ಲಿ ಹೇಳಿದ್ದರು.

ನಾಟಕದ ದಿನ ಬಂತು. ಸಭಾಂಗಣ ತುಂಬಿತ್ತು. ಅತ್ತೆ ಮದುವೆಗೆ ಉಡುವ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಪರದೆ ಸರಿಯಿತು. ಕೋಟು, ಟೈ, ತಲೆಗೆ ಎಣ್ಣೆ ಹಾಕಿ ಬಾಚಿದ ಕೂದಲು. ಮಾವ ಥೇಟು ಹಳೇ ಸಿನಿಮಾದಿಂದ ಇಳಿದು ಬಂದ ಹಾಗಿದ್ದರು. ಮೈಕು ನಡುವಿನಲ್ಲಿ, ಅವರು ಒಂದು ಹೆಜ್ಜೆ ಹಿಂದೆ. ಪೊರ್ಬುಗಳು ಸೈಡಿನಿಂದ ನನಗೆ ಕೈ ಮಾಡಿದರು.

ನಾನು ಗೆರಟೆ ಬಡಿದೆ. ಚೆನ್ನಾಗಿಯೇ ಶುರುವಾಯಿತು. ಅಷ್ಟರಲ್ಲಿ ಮಾಡಬಾರದ ಕೆಲಸ ಮಾಡಿದೆ, ಸಭೆಯನ್ನು ನೋಡಿದೆ. ಅಷ್ಟೂ ಜನ ನನ್ನ ಕೈಯನ್ನೇ ನೋಡುತ್ತಿದ್ದರು. ನನ್ನ ತಲೆ ಖಾಲಿಯಾಯಿತು. ತಲೆ ಇಲ್ಲದಾಗ ಕೈ ಏನು ಮಾಡುತ್ತದೆ, ತನಗೆ ಗೊತ್ತಿದ್ದದ್ದನ್ನು ಮಾಡುತ್ತದೆ. ಪೆಟ್ಟು ಏರಿತು. ಕುದುರೆ ಅಮೆರಿಕ ಬಿಟ್ಟು ನೇರ ಕುಂದಾಪುರಕ್ಕೆ ಓಡಿತು. ನಿಲ್ಲಿಸಲು ನೋಡಿದೆ, ಆಗಲಿಲ್ಲ. ಚೊಕ್ಕ ಒಡ್ಡೋಲಗದ ಪೆಟ್ಟು, ಅದೂ ದೇವೇಂದ್ರನದ್ದು.

ಮಾವನ ಕಾಲು ಕೇಳುತ್ತದೆಯೇ? ಮೊದಲು ಹಿಮ್ಮಡಿ ಎದ್ದಿತು. ಆಮೇಲೆ ಮೊಣಕಾಲು. ನೋಡುತ್ತಿದ್ದ ಹಾಗೆಯೇ ಕೋಟು ಟೈ ಹಾಕಿದ ಅಮೆರಿಕನ್ ನಟ ಮೈಕಿಗೆ ಒಂದು ಸುತ್ತು ಕುಣಿದು ಬಂದ. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು, ಮಕ್ಕಳು ನಕ್ಕರು, ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಪೊರ್ಬುಗಳು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡದ್ದು ಕಂಡಿತು. ಅತ್ತೆ ಮಾತ್ರ ನಗಲಿಲ್ಲ. ಖಲಾಸ್, ಮಾವನ ಮಾನವನ್ನು ಎರಡು ಗೆರಟೆಯಲ್ಲಿ ಬಡಿದು ಮುಗಿಸಿದೆ ಎಂದುಕೊಂಡೆ. ಆದರೂ ಮುಕ್ತಾಯ ಕೊಡದೆ ಕೈ ನಿಲ್ಲುವುದಿಲ್ಲ. ಕೊಟ್ಟೆ. ಆ ಕೊನೆಯ ಪೆಟ್ಟಿಗೆ ಸರಿಯಾಗಿ ಮಾವನ ಕಾಲು ಮೈಕಿನ ಮುಂದೆ ಬಂದು ನಿಂತಿತು.

ಅರುವತ್ತರ ಮನುಷ್ಯ. ಎದೆ ಏರಿ ಇಳಿಯುತ್ತಿತ್ತು, ಟೈ ಹೆಗಲ ಮೇಲೆ ಹೋಗಿತ್ತು, ಹಣೆಯಿಂದ ಬೆವರು. ಒಂದು ಕೈಯಲ್ಲಿ ಮೈಕಿನ ಕಂಬ ಹಿಡಿದುಕೊಂಡು, ಉಸಿರು ಸಿಕ್ಕದೆ, ತುಂಡು ತುಂಡಾಗಿ ಹೇಳಿದರು.

“ಬಾಗಿಲು ತೆಗೆಯಿರಿ... ಸೇತುವೆ ಬಿದ್ದಿದೆ... ರೈಲನ್ನು ನಿಲ್ಲಿಸಿ...”

ನಗು ಅಲ್ಲೇ ನಿಂತಿತು. ಅದು ನಿಜವಾಗಿ ಕುದುರೆ ಓಡಿಸಿಕೊಂಡು ಬಂದವನ ಉಸಿರು. ರಿಹರ್ಸಲಿನಲ್ಲಿ ಪೊರ್ಬುಗಳು ಬೈದು ಬೈದು ತರಿಸಲಾಗದ ಏದುಸಿರು. ನನ್ನ ಎದುರಿನ ಸಾಲಿನ ಒಬ್ಬರು ಎದ್ದು ಹೋಗಲು ಹೊರಟವರು ಹಾಗೆಯೇ ಕೂತರು. ಅಲ್ಲಿಂದ ಮುಂದೆ ಇಡೀ ನಾಟಕ ಮಾವನ ಕೈಯಲ್ಲಿತ್ತು. ಸಿನಿಮಾದ ದೃಶ್ಯದಲ್ಲಿ ಗುಂಡು ತಿಂದು ಸತ್ತಾಗ ಚಪ್ಪಾಳೆ. ಕೊನೆಗೆ ಮುದುಕ ನಟ ಟಿ.ವಿ.ಯಲ್ಲಿ ತನ್ನದೇ ಹಳೆಯ ಮುಖ ನೋಡುತ್ತಾ ಕೂತಾಗ ಹಾಲಿನಲ್ಲಿ ಎ.ಸಿ.ಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಪರದೆ ಬಿದ್ದ ಮೇಲೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಗೆರಟೆ ಹಿಡಿದುಕೊಂಡೇ ಹೋಗಿ ಮಾವನ ಪಕ್ಕದಲ್ಲಿ ನಿಂತು ಎರಡು ಸಲ ತಲೆ ಬಾಗಿಸಿದೆ, ಅರ್ಧ ಚಪ್ಪಾಳೆ ನನ್ನದು ಎನ್ನುವ ಹಾಗೆ.

ಪೊರ್ಬುಗಳು ನನ್ನ ಹತ್ತಿರ ಬಂದು ಕೈಯಿಂದ ಗೆರಟೆ ಕಿತ್ತುಕೊಂಡು ಹೋದರು. ಅತ್ತೆ ಸೆರಗಿನಿಂದ ಮಾವನ ಹಣೆ ಒರೆಸಿ, ಈ ವಯಸ್ಸಿನಲ್ಲಿ ಕುಣಿಯುವುದಾದರೆ ಮೊದಲೇ ಹೇಳಬಾರದಾ, ಮೊಣಕಾಲಿಗೆ ಎಣ್ಣೆ ತರುತ್ತಿದ್ದೆ ಎಂದರು. ಅವರ ಕಣ್ಣು ಕೆಂಪಾಗಿತ್ತು.

ಬಣ್ಣ ತೆಗೆಯುವ ಕೋಣೆಯಲ್ಲಿ ಎಲ್ಲರೂ ಹೋದ ಮೇಲೆ ನಾನು ಮೆತ್ತಗೆ, “ಮಾವ, ಕೈ ತಪ್ಪಿತು” ಎಂದೆ.

ಮಾವ ಟೈ ಬಿಚ್ಚುತ್ತಾ ಕನ್ನಡಿಯಲ್ಲೇ ನನ್ನನ್ನು ನೋಡಿದರು.

“ನಾನು ದೇವೇಂದ್ರನ ಹಿಂದೆ ಎಷ್ಟು ಸಲ ಕುಣಿದೆನೋ ಲೆಕ್ಕ ಇಲ್ಲ ಮಗಾ. ನಾನೊಬ್ಬನೇ ಬರುವಾಗ ಅಂತ ಯಾರೂ ಚೆಂಡೆ ಬಾರಿಸಿದ್ದಿಲ್ಲ. ನೀನು ಗೆರಟೆಯಲ್ಲಾದ್ರೂ ಬಾರಿಸಿದೆ. ಆದ್ರೆ ಅದು ಕುದುರೆ ಅಂತ ಮಾತ್ರ ಇನ್ನು ಯಾರತ್ರವೂ ಹೇಳ್ಬೇಡ.”