ಮುಂಬಯಿಯಿಂದ ದುಬೈಗೆ ಮೂರು ತಾಸು

ದಾಂಡೇಲಿಯ ನಾಟಾ ಡಿಪೋದಲ್ಲಿ ಮರದ ದಿಮ್ಮಿಗಳಿಗೆ ನಂಬರು ಹಾಕುವುದು ನನ್ನ ಕೆಲಸವಾಗಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳು. ಅಲ್ಲಿ ಮ್ಯಾಟ್ರಿಕ್‌ವರೆಗೆ ಓದಿದವನು ನಾನೊಬ್ಬನೇ. ಯಾರು ಏನು ಕೇಳಿದರೂ ಗೊತ್ತಿಲ್ಲ ಎನ್ನುವ ಅಭ್ಯಾಸ ನನಗಿರಲಿಲ್ಲ.

ತೊಗಟೆ ಸುಲಿಯಲು ಬರುತ್ತಿದ್ದ ಕುಳಗಿ ಕಡೆಯ ಸಿದ್ದಿ ಹೆಂಗಸೊಬ್ಬಳು ಮಗಳೊಂದಿಗೆ ನಮ್ಮ ಚಾಳಿನಲ್ಲೇ, ನನ್ನ ಪಕ್ಕದ ಖೋಲಿಯಲ್ಲಿ ಇದ್ದಳು. ನಾನು ಅಕ್ಕಾ ಎನ್ನುತ್ತಿದ್ದೆ, ಅವಳು ತಮ್ಮಾ ಎನ್ನುತ್ತಿದ್ದಳು. ನನ್ನ ಹೆಂಡತಿ ತೀರಿಕೊಂಡ ಮೇಲೆ ನನ್ನನ್ನು ಅಷ್ಟು ಅಕ್ಕರೆಯಿಂದ ಕರೆಯುವವರು ಬೇರೆ ಯಾರೂ ಇರಲಿಲ್ಲ. ಅವಳ ಮಗ ದುಬೈಯಲ್ಲಿ ಲಾರಿ ಓಡಿಸುತ್ತಿದ್ದ. ಅವನ ಕಾಗದಗಳನ್ನು ಊಟದ ಹೊತ್ತಿನಲ್ಲಿ, ದಿಮ್ಮಿಗಳ ನೆರಳಲ್ಲಿ ಕೂತು ನಾನೇ ಓದಿ ಹೇಳುತ್ತಿದ್ದೆ.

"ತಮ್ಮಾ, ದುಬೈ ಎಷ್ಟು ದೂರ ಐತಿ?" ಎಂದು ಒಮ್ಮೆ ಕೇಳಿದಳು.

"ಮುಂಬಯಿಂದ ಸಾವಿರದ ಒಂಬೈನೂರು ಕಿಲೋಮೀಟರ. ವಿಮಾನದಾಗ ಮೂರು ತಾಸು. ನೀ ಅಣಶಿ ಘಟ್ಟ ಇಳದು ಕಾರವಾರ ಮುಟ್ಟೂದ್ರಾಗ ಅಂವಾ ಬಂದು ನಿಂತಿರ್ತಾನ."

ಮುಂಬಯಿಯ ವ್ಯಾಪಾರಿಯೊಬ್ಬನಿಂದ ಕೇಳಿದ್ದು ಅಷ್ಟೇ. ನಾನು ವಿಮಾನವನ್ನು ಹತ್ತಿರದಿಂದ ನೋಡಿದವನೂ ಅಲ್ಲ.

"ಹಂಗಾದ್ರ ಅಂವಾ ಹೊಂಟ ಮ್ಯಾಲ ಒಲಿ ಹಚ್ಚಿದ್ರೂ ನಡೀತೈತಿ ಬಿಡು!" ಎಂದು ಅವಳು ನಕ್ಕಳು. ಅಂದಿನಿಂದ ಕೂಲಿಯವರು ನನ್ನನ್ನು ಮೂರು ತಾಸಿನ ಸಾಹೇಬ ಎನ್ನತೊಡಗಿದರು.

ಮುಂದಿನ ಕಾಗದದಲ್ಲಿ ಮಗ ಬರೆದಿದ್ದ: 'ನಮ್ಮ ಪಾಸ್‌ಪೋರ್ಟುಗಳು ಮಾಲೀಕನ ಹತ್ತಿರ ಇರುತ್ತವೆ. ಅವನು ಕೊಡುವ ತನಕ ಬರಲು ಆಗುವುದಿಲ್ಲ. ಅಮ್ಮನಿಗೆ ಹುಷಾರಿಲ್ಲದಿದ್ದರೆ ಕೂಡಲೇ ತಾರು ಹಾಕಿರಿ.' ಸುತ್ತಲೂ ಎಲ್ಲರೂ ಕೂತಿದ್ದರು. ಆ ಮೂರು ಸಾಲು ಬಿಟ್ಟು ಮುಂದಿನದನ್ನು ಓದಿದೆ. ನನ್ನ ಮಾತು ಸುಳ್ಳಾಗಬಾರದಿತ್ತು, ಅಷ್ಟೇ.

ಮಳೆಗಾಲದಲ್ಲಿ ಅಕ್ಕನಿಗೆ ಜ್ವರ ಬಂತು.

"ಮಾಮಾ, ಅಣ್ಣಗ ತಾರ ಹಾಕೂಣೇನ್ರಿ?" ಎಂದು ಮಗಳು ಕೇಳಿದಳು.

"ಬ್ಯಾಡವಾ, ಅವನ ನೌಕರಿ ಹೋದೀತು" ಎಂದಳು ಅಕ್ಕ, ಮಲಗಿದಲ್ಲಿಂದಲೇ. "ಮೂರು ತಾಸಿನ ದಾರಿ. ಭಾಳ ಆದ್ರ ಕರಸೂಣು. ಹೌದಲ್ಲ ತಮ್ಮಾ?"

ಇಬ್ಬರೂ ನನ್ನ ಮುಖ ನೋಡಿದರು. ಆಗಲಾದರೂ ಹೇಳಬಹುದಿತ್ತು.

"ಹೌದು, ಅವಸರೇನೈತಿ" ಎಂದೆ.

ಹತ್ತನೆಯ ದಿನ ಮಾತು ತೊದಲಿತು. ಪೋಸ್ಟಿಗೆ ಓಡಿ ತಾರು ಹಾಕಿದೆ. ಆಮೇಲೆ ಮೂರು ದಿನ ಇದ್ದಳು. ರಸ್ತೆಯಲ್ಲಿ ಗಾಡಿ ಸದ್ದಾದಾಗಲೆಲ್ಲ ಬಾಗಿಲ ಕಡೆ ಕಣ್ಣು ತಿರುಗಿಸುತ್ತಿದ್ದಳು.

ಮಗ ಬಂದದ್ದು ತಾರು ಹಾಕಿದ ಹತ್ತು ದಿನಕ್ಕೆ, ಅವಳಿಗೆ ಮಣ್ಣು ಕೊಟ್ಟು ವಾರವಾದ ಮೇಲೆ. ಮಾಲೀಕ ಪಾಸ್‌ಪೋರ್ಟು ಕೊಡಲು ಎಂಟು ದಿನ ಹಿಡಿದನಂತೆ. ಜ್ವರ ಬಂದ ದಿನವೇ ತಾರು ಹಾಕಿದ್ದರೆ ಅವನು ಎರಡು ದಿನವಾದರೂ ತಾಯಿಯ ಹತ್ತಿರ ಕೂತಿರುತ್ತಿದ್ದ. ಈ ಲೆಕ್ಕವನ್ನು ಎಷ್ಟು ಸಲ ಮಾಡಿದರೂ ಅದೇ ಎರಡು ದಿನ ಬರುತ್ತದೆ.

ತಂಗಿಯಿಂದ ಎಲ್ಲ ಕೇಳಿಕೊಂಡು, ತಾಯಿ ಕಾಗದ ಇಡುತ್ತಿದ್ದ ಬಿಸ್ಕೀಟಿನ ಡಬ್ಬಿ ತೆಗೆದ. ಪಾಸ್‌ಪೋರ್ಟಿನ ವಿಷಯ ಬರೆದಿದ್ದ ಕಾಗದ ಹುಡುಕಿ ಓದಿದ. ನಾನು ಬಾಗಿಲಲ್ಲೇ ನಿಂತಿದ್ದೆ. ಮಡಿಚಿ ಡಬ್ಬಿಯೊಳಗಿಟ್ಟು ಹೇಳಿದ:

"ವಿಮಾನ ಮೂರು ತಾಸೇ ತಗೊಂಡ್ತು, ಮಾಮಾ. ನೀವು ಹೇಳಿದ್ದು ಬರೋಬ್ಬರಿ ಐತಿ."

ಅವನು ತಂಗಿಯನ್ನು ಕುಳಗಿಯ ಸಂಬಂಧಿಕರಲ್ಲಿ ಬಿಟ್ಟು ಹೋದ. ಪಕ್ಕದ ಖೋಲಿಗೆ ಬೀಗ ಬಿತ್ತು.

ಚಾಳಿನ ಜನ ಆಮೇಲೂ ಕಾಗದ ತರುತ್ತಿದ್ದರು. ಕಣ್ಣು ಕಾಣುವುದಿಲ್ಲ ಎಂದು ಹೇಳಿ ಕಳಿಸುತ್ತಿದ್ದೆ. ಆಗ ನನಗೆ ನಲವತ್ತೂ ಆಗಿರಲಿಲ್ಲ. ಬರಬರುತ್ತಾ ನನ್ನ ಬಾಗಿಲಿಗೆ ಯಾರೂ ಬರದಾದರು.