ಕೂಳೂರು ದಾಟಿ ಬೆಂದೂರಿಗೆ

ಯುದ್ಧದ ದಿನಗಳವು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದವು. ನಾನೂ ನನ್ನ ಜೊತೆ ಶಾಲೆಯಲ್ಲಿ ಕಲಿಸುತ್ತಿದ್ದ ಲಾರೆನ್ಸ್ ಮಾಸ್ಟರರೂ ಸುರತ್ಕಲ್ಲಿನಲ್ಲಿ ಅಂಥದೊಂದು ಬಸ್ಸು ಹತ್ತಿದೆವು. ಮಂಗಳೂರಿನ ಬೆಂದೂರಿನಲ್ಲಿದ್ದ ಅವರ ತಾಯಿಗೆ ಕಾಯಿಲೆ ಜೋರಾಗಿದೆಯೆಂದು ಅಣ್ಣ ಜೋಕಿಂ ಹೇಳಿಕಳಿಸಿದ್ದರು.

ಲಾರೆನ್ಸ್ ಪ್ರೊಟೆಸ್ಟೆಂಟರ ಹುಡುಗಿಯನ್ನು ಮದುವೆಯಾದಂದಿನಿಂದ ಕೆಥೋಲಿಕರ ಆ ಮನೆಯ ಬಾಗಿಲು ಅವರಿಗೆ ಮುಚ್ಚಿತ್ತು. ಮುಚ್ಚಿದವರು ಜೋಕಿಂ, ದಿನವೂ ಇಗರ್ಜಿಗೆ ಹೋಗುವ, ಶುಕ್ರವಾರ ಮಾಂಸ ಮುಟ್ಟದ ಮನುಷ್ಯ. ತಾಯಿಯ ಬಾಯಿಂದ ಒಮ್ಮೆ ಬೆಸಾಂವ್ ಸಿಕ್ಕರೆ ಸಾಕೆಂದು ಲಾರೆನ್ಸ್ ದಾರಿಯುದ್ದಕ್ಕೂ ಹೇಳುತ್ತಿದ್ದರು. ಬೆಸಾಂವ್ ಎಂದರೆ ಕೊಂಕಣಿಯಲ್ಲಿ ಆಶೀರ್ವಾದ. ಸಂಜೆಯ ಜಪಮಾಲೆ ಮುಗಿದೊಡನೆ ಕಿರಿಯರು ಹಿರಿಯರೆದುರು ಕೈಮುಗಿದು ಅದನ್ನು ಬೇಡಬೇಕು. ಬೇಡದೆ ಯಾರೂ ಊಟಕ್ಕೆ ಕೂರುವುದಿಲ್ಲ.

ಬೈಕಂಪಾಡಿಯಲ್ಲಿ ಬಸ್ಸು ಕೆಮ್ಮಿ ನಿಂತಿತು. ಕಂಡಕ್ಟರು ಇದ್ದಿಲು ತುಂಬಿ ಗಾಳಿ ಹಾಕುತ್ತ, "ಅವಸರ ಮಾಡಿ ಎಂತ ಮಾಡುವುದು ಮಾರಾಯ್ರೆ, ಇದೂ ಸತ್ಯಾಗ್ರಹಕ್ಕೆ ಕೂತಿದೆ" ಎಂದ. ಎಲ್ಲರೂ ನಕ್ಕರು. ಲಾರೆನ್ಸ್ ಇಳಿದು ರಸ್ತೆಯಲ್ಲಿ ನಿಂತರು. ಕೂಳೂರು ಹೊಳೆಯನ್ನು ದೋಣಿಯಲ್ಲಿ ದಾಟಿದ ಮೇಲೆ ಆಚೆ ದಡದ ಬಸ್ಸಿಗೆ ಕಾಯಲು ಅವರು ಒಪ್ಪಲಿಲ್ಲ. ಬಿಸಿಲಲ್ಲಿ ನಡೆದೇ ಹೋದೆವು.

ನಾವು ಮುಟ್ಟಿದಾಗ ತಾಯಿ ತೀರಿಕೊಂಡಿದ್ದರು. ಬೆರಳುಗಳಿಗೆ ಜಪಮಾಲೆ ಸುತ್ತಿ ಮಲಗಿಸಿದ್ದರು. ಲಾರೆನ್ಸ್ ಬಗ್ಗಿ ಆ ಕೈಗೆ ಹಣೆ ಮುಟ್ಟಿಸಿದರು. ಅಣ್ಣ ಎದುರಿಗೇ ಇದ್ದರು.

ಸಂಜೆ ಅಲ್ಲಿಯೇ ಜೋಕಿಂ ಜಪಮಾಲೆ ಹೇಳಿಸಿದರು. ನಾನು ಬಾಗಿಲ ಬಳಿ ಕೂತಿದ್ದೆ. ಜಪ ಮುಗಿದು ಮನೆಯವರೆಲ್ಲ ಅವರಿಂದ ಬೆಸಾಂವ್ ಪಡೆದರು. ತಮ್ಮನ ಸರದಿ ಬಂತು. ಗೋಡೆಗೊರಗಿದ್ದ ಲಾರೆನ್ಸ್ ಅಲುಗಲಿಲ್ಲ. ಆಗ ಜೋಕಿಂ ತಾವೇ ಬಂದು ಅವರ ಮುಂದೆ ಮೊಣಕಾಲೂರಿ ಕೈಮುಗಿದರು.

"ಬೆಸಾಂವ್ ದಿ" ಎಂದರು.

ಹಿರಿಯರು ಕಿರಿಯರಲ್ಲಿ ಬೇಡುವ ಕ್ರಮ ಇಲ್ಲ. ಮೂಲೆಯಲ್ಲಿದ್ದ ಮುದುಕಿಯೊಬ್ಬರು ಇದು ತಪ್ಪೆಂದು ಗೊಣಗಿದರು. ಲಾರೆನ್ಸ್ ಕೊಂಕಣಿಯಲ್ಲಿ ಉತ್ತರ ಕೊಟ್ಟರು. ನನಗೆ ಆ ಭಾಷೆ ಅಷ್ಟಿಷ್ಟು ತಿಳಿಯುತ್ತದೆ.

"ಅಮ್ಮ ಇರುವಾಗ ಹೀಗೆ ಬಗ್ಗಬಹುದಿತ್ತಲ್ಲ ಅಣ್ಣ."

ಬೆಸಾಂವ್ ಕೊಡಲು ಕೈ ಎತ್ತಲಿಲ್ಲ. ಆ ರಾತ್ರಿ ಅಣ್ಣತಮ್ಮಂದಿರಿಬ್ಬರೂ ಊಟ ಮಾಡಲಿಲ್ಲ.

ಮರುದಿನ ಮಣ್ಣು ಮುಗಿಸಿ ಹೊರಟಾಗ ಜೋಕಿಂ ಕೂಳೂರಿನ ದೋಣಿ ಕಡವಿನವರೆಗೂ ಜೊತೆಗೆ ಬಂದರು. ಲಾರೆನ್ಸ್ ಮುಂದೆ ಮುಂದೆ ನಡೆಯುತ್ತಿದ್ದರು. ಜೋಕಿಂ ನನ್ನೊಡನೆ ಮೆಲ್ಲಗೆ ಹೇಳಿದರು: "ದೇವರ ಹತ್ತಿರ ದಿನಾ ಕೂತುಕೊಳ್ತಿದ್ದೆ ಮಾಸ್ಟ್ರೆ. ಅಮ್ಮ ಪಕ್ಕದಲ್ಲೇ ಕೂತು ಅಳ್ತಿದ್ದರು. ನನಗೆ ಕೇಳಲೇ ಇಲ್ಲ."

ಮುಂದಿನ ಸಲ ಹೆಂಡತಿಯನ್ನೂ ಕರೆತರಬೇಕೆಂದು ದಡದಲ್ಲಿ ತಮ್ಮನಿಗೆ ಹೇಳಿದರು. ಲಾರೆನ್ಸ್ ತಲೆಯಾಡಿಸಿ ದೋಣಿ ಹತ್ತಿದರು.

ನಡುಹೊಳೆಯಲ್ಲಿ ನಾನು ತಿರುಗಿ ನೋಡಿದೆ. ಜೋಕಿಂ ನೀರಿನಂಚಿನಲ್ಲಿ ನಿಂತೇ ಇದ್ದರು. ಲಾರೆನ್ಸ್ ಕೂತಲ್ಲಿಂದಲೇ ಕೈಯನ್ನು ಸ್ವಲ್ಪ ಎತ್ತಿ "ದೆವಾಚೆಂ ಬೆಸಾಂವ್" ಎಂದರು. ದೇವರ ಆಶೀರ್ವಾದ. ಆ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ದಡಕ್ಕೆ ಮುಟ್ಟಿರಲಾರದು.