ಪರದೆಯ ಮುಂದೆ ಎತ್ತಿದ ಕೈ

"ಎಲ್ಲರಿಗೂ ತಿಳಿಯಿತೇ ಮಕ್ಕಳೇ?" ಎಂದು ಸ್ಮಾರ್ಟ್ ಕ್ಲಾಸಿನ ಪರದೆಯೊಳಗಿನ ಗಣಿತದ ಮಾಸ್ತರು ಕೇಳಿದರು. "ತಿಳೀತ್ರೀ ಸರ!" ಎಂದು ಇಡೀ ಎಂಟನೇ ತರಗತಿ ಕೂಗಿತು. ರೇಣುಕಾ ಎಂಬ ಹುಡುಗಿ ಮಾತ್ರ ಕೈ ಎತ್ತಿ, "ನನಗ ತಿಳೀಲಿಲ್ರಿ" ಎಂದಳು.

"ಶಭಾಷ್! ಮುಂದಿನ ಲೆಕ್ಕಕ್ಕೆ ಹೋಗೋಣ" ಎಂದರು ಪರದೆಯ ಮಾಸ್ತರು.

ಹುಡುಗರು ಬಿದ್ದು ಬಿದ್ದು ನಕ್ಕರು. "ಏ ಹುಚ್ಚಿ, ವಿಡಿಯೋಕ್ಕ ಕಿವಿ ಅದಾವೇನ?"

ಅವಳು ಎತ್ತಿದ ಕೈ ಇಳಿಸದೆ, ಕೊನೆಯ ಬೆಂಚಿನಲ್ಲಿದ್ದ ನನ್ನ ಕಡೆ ತಿರುಗಿದಳು. "ಅದಕ್ಕ ಕಿವಿ ಇಲ್ಲಂತ ನನಗೂ ಗೊತ್ತೈತಿ. ನಾ ನಿಮ್ಮನ್ನ ಕೇಳಾಕತ್ತೀನ್ರಿ ಸರ. ಮೈನಸ್‌ಗೆ ಮೈನಸ್ ಗುಣಿಸಿದ್ರ ಪ್ಲಸ್ ಯಾಕ ಆಗತೈತ್ರಿ?"

ನಾನು ಯಲಬುರ್ಗಾ ಕಡೆಯ ಹಳ್ಳಿ ಶಾಲೆಯ ಸಮಾಜ ವಿಜ್ಞಾನದ ಮಾಸ್ತರ. ಗಣಿತಕ್ಕೆ ಯಾರೂ ಇಲ್ಲದ್ದರಿಂದ ವಿಡಿಯೋ ಹಚ್ಚಿ ಕಾಯುವ ಕೆಲಸ ನನ್ನದು. ಮುಂಜಾನೆಯಿಂದ ಕೂಗಿ ಸೋತ ಗಂಟಲಿಗೆ ಅದೇ ವಿಶ್ರಾಂತಿ. ಕರೆಂಟು ಹೋದರೆ ಏನು ಗತಿ, ರಿಮೋಟು ಕಳೆದರೆ ಯಾರು ಹೊಣೆ ಎಂಬ ಚಿಂತೆಯಲ್ಲಿ ಪಾಠ ಕಿವಿಗೇ ಬಿದ್ದಿರಲಿಲ್ಲ. ಬಿದ್ದಿದ್ದರೂ ಅಷ್ಟೇ, ಚಿಕ್ಕವನಿದ್ದಾಗಲೂ ನನಗದು ತಿಳಿದಿರಲಿಲ್ಲ.

"ನನಗೂ ಗೊತ್ತಿಲ್ಲವ್ವಾ" ಎಂದು ವಿಡಿಯೋ ಹಿಂದಕ್ಕೆ ಓಡಿಸಿ, ಅವಳ ಪಕ್ಕದಲ್ಲೇ ಕೂತು ನೋಡಿದೆ. ಗಂಟೆ ಬಾರಿಸಿದಾಗಲೂ ಇಬ್ಬರಿಗೂ ತಿಳಿದಿರಲಿಲ್ಲ. "ಇರಲಿ ಬಿಡ್ರಿ ಸರ, ನಾಳಿ ಮತ್ತ ನೋಡೂಣು" ಎಂದು ಅವಳೇ ನನಗೆ ಸಮಾಧಾನ ಹೇಳಿದಳು.

ಈಗ ನನ್ನ ಪಾಠದಲ್ಲೂ "ತಿಳೀತೇನ?" ಎಂದು ಕೇಳಿ, "ತಿಳೀತ್ರೀ" ಎಂಬ ಕೂಗು ಅಡಗುವವರೆಗೆ ಕಾಯುತ್ತೇನೆ. ರೇಣುಕಾ ಕೈ ಎತ್ತದಿದ್ದರೆ ಒಂದು ಚಿಂತೆ. ಎತ್ತಿದರೆ ಅದಕ್ಕಿಂತ ದೊಡ್ಡ ಚಿಂತೆ.